ಮಂಗನ ಹೆರಿಗೆಗೆ ಸೂಲಗಿತ್ತಿಯಾಗಲು ಹೋಗಬೇಡಿ

ಫೆಬ್ರುವರಿ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಹಸು, ನಾಯಿಗಳು ಹಿಂದೆ ಸರಿದು ಮಂಗಗಳು ಮುಂದೆ ಬರುತ್ತವೆ. ನಮ್ಮ ಕೋಡಗಗಳು ಹೆಚ್ಚಾಗಿ ಮರಿ ಹಾಕುವುದು ಆಗಿನಿಂದ ಏಪ್ರಿಲ್‌ವರೆಗೆ. ಪ್ರಶ್ನೆಗಳು ಮಾತ್ರ ಪ್ರತಿ ವರ್ಷ ಅವವೇ. ಈ ಸಲ ಒಂದಕ್ಕೆ ಬಿಡಿಸಿ ಹೇಳುತ್ತೇನೆ, ಉಳಿದವಕ್ಕೆ ಅಷ್ಟು ತಾಳ್ಮೆ ಉಳಿದಿಲ್ಲ.

ಪ್ರಶ್ನೆ: ಕೊಟ್ಟಿಗೆಯ ಹೆಂಚಿನ ಮೇಲೆ ಬಸುರಿ ಮಂಗವೊಂದು ಬೆಳಿಗ್ಗೆಯಿಂದ ಕುಕ್ಕರುಗಾಲಲ್ಲಿ ಕೂತು ತಿಣುಕುತ್ತಿದೆ. ದನಕ್ಕೆ ಹಾಲಿಳಿಸಲು ಕೊಡುವ ಇಂಜೆಕ್ಷನ್ನನ್ನೇ ಬಾಳೆಹಣ್ಣಿನಲ್ಲಿ ಸೇರಿಸಿ ತಿನ್ನಿಸಿದರೆ ಸಲೀಸಾಗಿ ಹೆರುತ್ತದೆ ಎಂದು ಊರಿನವರೊಬ್ಬರು ಹೇಳುತ್ತಾರೆ. ಇಲ್ಲವೇ ಬಲೆ ಹಾಕಿ ಹಿಡಿದು ನಾವೇ ಮರಿ ಎಳೆಯಬಹುದೇ?

ಎರಡೂ ಬೇಡ. ಆ ಊರಿನವರಿಗೆ ಬಾಳೆಹಣ್ಣು ಹೊಳೆದದ್ದು ಮಂಗನ ಪುಣ್ಯ. ಆ ಇಂಜೆಕ್ಷನ್ನಿನಲ್ಲಿರುವ ಆಕ್ಸಿಟೋಸಿನ್ ಹೊಟ್ಟೆಗೆ ಹೋದರೆ ಜೀರ್ಣವಾಗಿ ಹೋಗುತ್ತದೆ, ಕೆಲಸ ಮಾಡುವುದಿಲ್ಲ. ಚುಚ್ಚಿದರೆ ಮಾಡುತ್ತದೆ. ಒಳಗೆ ಮರಿ ಅಡ್ಡ ತಿರುಗಿಯೋ ಸಿಕ್ಕಿಕೊಂಡೋ ಇದ್ದಾಗ ಗರ್ಭಕೋಶವನ್ನು ಬಲವಂತವಾಗಿ ಹಿಂಡಿದರೆ ಅದು ಹರಿದು ಹೋಗಬಹುದು. ನೋಡದೆ, ಮುಟ್ಟದೆ, ಮರಿ ಹೇಗಿದೆಯೆಂದು ತಿಳಿಯದೆ ಆ ಸೂಜಿ ಹಿಡಿಯುವವನು ದನದ ಹತ್ತಿರವೂ ಸುಳಿಯಬಾರದು.

ನಿಮ್ಮ ಪತ್ರದಲ್ಲಿ ನನ್ನನ್ನು ಕೂರಲು ಬಿಡದ ಮಾತು 'ಬೆಳಿಗ್ಗೆಯಿಂದ' ಎನ್ನುವುದು. ಮಂಗಗಳು ಸಾಮಾನ್ಯವಾಗಿ ರಾತ್ರಿ ಹೆರುತ್ತವೆ. ಬೆಳಗಾಗುವಾಗ ಮರಿ ಹೊಟ್ಟೆಗೆ ಅಂಟಿಕೊಂಡಿರುತ್ತದೆ, ಮಾಸನ್ನು ತಾಯಿ ತಿಂದು ಮುಗಿಸಿರುತ್ತದೆ. ಹಗಲಿನಲ್ಲಿ ಗುಂಪು ಮೇಯಲು ಹೋದ ಮೇಲೂ ಒಂದೇ ಹಿಂದೆ ಉಳಿದು ಗಂಟೆಗಟ್ಟಲೆ ತಿಣುಕುತ್ತಿದ್ದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

'ಹೆರಿಗೆ ಕಷ್ಟ ಮನುಷ್ಯರಿಗೆ ಮಾತ್ರ, ಪ್ರಾಣಿಗಳಿಗೆ ಸಲೀಸು' ಎನ್ನುವ ಮಾತನ್ನು ಓದಿದವರೂ ಆಡುತ್ತಾರೆ. ಗೊರಿಲ್ಲಾ, ಚಿಂಪಾಂಜಿಗಳಿಗೆ ದಾರಿ ಅಗಲವಾಗಿದೆ, ನಿಜ. ಆದರೆ ನಮ್ಮ ಕೋಡಗದ ಜಾತಿಯವಕ್ಕೆ ಮರಿಯ ತಲೆಗೂ ತಾಯಿಯ ಸೊಂಟದ ಮೂಳೆಗೂ ನಡುವೆ ಉಳಿಯುವ ಜಾಗ ಬಹಳ ಕಡಿಮೆ. ದಕ್ಷಿಣ ಅಮೆರಿಕದ ಪುಟ್ಟ ಅಳಿಲು ಮಂಗಗಳ ಪಾಡು ಇನ್ನೂ ಬಿಗಿ, ಅವುಗಳಲ್ಲಿ ಸತ್ತು ಹುಟ್ಟುವ ಮರಿಗಳೂ ಹೆಚ್ಚು. ಕೋಡಗಕ್ಕೆ ಇರುವ ಅನುಕೂಲ ಬೇರೆ: ಮರಿ ಸಾಮಾನ್ಯವಾಗಿ ತಾಯಿಯ ಹೊಟ್ಟೆಯ ಕಡೆಗೆ ಮುಖ ಮಾಡಿ ಹೊರಬರುತ್ತದೆ. ತಾಯಿ ಕೈ ಚಾಚಿ ತಾನೇ ಎಳೆದುಕೊಳ್ಳುತ್ತದೆ, ಮೂಗು ಬಾಯಿ ನೆಕ್ಕಿ ಉಸಿರಿಗೆ ದಾರಿ ಮಾಡುತ್ತದೆ. ಮನುಷ್ಯರ ಕೂಸು ಹೆಚ್ಚಾಗಿ ಬೆನ್ನಿನ ಕಡೆ ಮುಖ ಮಾಡಿ ಬರುವುದರಿಂದ ಹಿಡಿಯಲು ಇನ್ನೊಬ್ಬರ ಕೈ ಬೇಕಾಯಿತು. ಮಂಗಕ್ಕೆ ನಿಮ್ಮ ಕೈ ಬೇಕಿಲ್ಲ.

ಕೆಡುವುದು ಎಲ್ಲಿ? ಕಾಲೋ ಕುಂಡೆಯೋ ಮೊದಲು ಬಂದಾಗ ತಲೆ ಕೊನೆಗೆ ಸಿಕ್ಕಿಕೊಂಡು ಮರಿ ಉಸಿರುಗಟ್ಟುತ್ತದೆ. ಮಾಸು ದಾರಿಗೆ ಅಡ್ಡ ಕೂತಿದ್ದರೆ ಮರಿಗಿಂತ ಮೊದಲೇ ಕೆಂಪು ರಕ್ತ ಸುರಿಯುತ್ತದೆ. ಕೋಡಗದ ಹತ್ತಿರದ ನೆಂಟನಾದ ರೀಸಸ್ ಮಂಗದಲ್ಲಿ ಮಾಸು ಸಾಮಾನ್ಯವಾಗಿ ಎರಡು ಬಿಲ್ಲೆ. ಒಂದು ಬಿದ್ದು ಇನ್ನೊಂದು ಒಳಗೇ ಉಳಿದರೆ ನಂಜು. ಕೂಡಿಹಾಕಿ ಸಾಕಿದ ಬೊಜ್ಜು ಮಂಗಗಳಲ್ಲಿ ಗರ್ಭಿಣಿಯರ ಸಕ್ಕರೆ ಕಾಯಿಲೆಯೂ ಕಂಡಿದೆ. ದೇವಸ್ಥಾನದ ಮೆಟ್ಟಿಲ ಮೇಲೆ ಬೂಂದಿ ಲಾಡು ಚೆಲ್ಲುವವರು ಇದನ್ನು ಇನ್ನೊಮ್ಮೆ ಓದಲಿ.

ಈಗ ನೀವು ಮಾಡಬೇಕಾದದ್ದು. ನಾಯಿ ಕಟ್ಟಿ, ಮಕ್ಕಳನ್ನು ಒಳಗೆ ಕಳಿಸಿ. ತಿಣುಕಲು ಶುರುವಾದ ಹೊತ್ತು ಬರೆದಿಡಿ. ದೂರದಿಂದಲೇ ವಿಡಿಯೊ ಮಾಡಿ, ನನಗೆ ಅದು ನಿಮ್ಮ ವರ್ಣನೆಗಿಂತ ಉಪಯೋಗ. ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿ. ನೀರೆರಚುವುದು, ಏಣಿ ಹತ್ತುವುದು, ಅಕ್ಕಪಕ್ಕದವರನ್ನು ಕರೆಯುವುದು ಬೇಡ.

'ನೀವು ಬಂದು ಮದ್ದು ಹೊಡೆದು ಹಿಡಿಯಿರಿ' ಎನ್ನುತ್ತೀರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜನರ ಒತ್ತಾಯಕ್ಕೆ ಹಲಸಿನ ಮರದ ಮೇಲಿದ್ದ ಬಸುರಿಗೆ ಅರಿವಳಿಕೆ ಸೂಜಿ ಹೊಡೆದೆ. ಕೆಳಗೆ ಕಂಬಳಿ ಹಿಡಿದಿದ್ದೆವು. ಅದು ಬಿದ್ದದ್ದು ಕಂಬಳಿಯ ಈಚೆಗೆ. ಆಮೇಲೆ ನಾನು ಎತ್ತರದಲ್ಲಿ ಕೂತ ಮಂಗಕ್ಕೆ ಸೂಜಿ ಹೊಡೆದಿಲ್ಲ. ಬೋನಿಗೆ ಬಂದರೆ ಮಾತ್ರ. ಸಿಸೇರಿಯನ್ ಗೆದ್ದರೂ ಎಚ್ಚರವಾದ ತಾಯಿ ಮರಿಯನ್ನು ಹತ್ತಿರ ಸೇರಿಸದಿದ್ದರೆ ಆ ಮರಿಗೆ ಕಾಡಿಲ್ಲ, ಜೀವನವಿಡೀ ಪಂಜರ.

ಯೂಟ್ಯೂಬಿನ ಗೊರಿಲ್ಲಾ ಉದಾಹರಣೆ ಕೊಡಬೇಡಿ. 2016ರಲ್ಲಿ ಬ್ರಿಸ್ಟಲ್ ಮೃಗಾಲಯದ ಕೇರಾ ಎಂಬ ಗೊರಿಲ್ಲಾಕ್ಕೆ ರಕ್ತದೊತ್ತಡದ ನಂಜಿನ ಲಕ್ಷಣ ಕಂಡಾಗ ಮನುಷ್ಯರ ಹೆರಿಗೆ ತಜ್ಞರೇ ಬಂದು ಸಿಸೇರಿಯನ್ ಮಾಡಿದರು. 2017ರಲ್ಲಿ ಫಿಲಡೆಲ್ಫಿಯಾದ ಕೀರಾಗೆ ಬೇನೆ ನಿಲ್ಲದಾಗ ಇಕ್ಕುಳ ಹಾಕಿ ಮರಿ ತೆಗೆದರು. ಅವು ಬಸುರಿನುದ್ದಕ್ಕೂ ವೈದ್ಯರ ಕಣ್ಣಳತೆಯಲ್ಲಿದ್ದ ಮೃಗಾಲಯದ ಪ್ರಾಣಿಗಳು. ನಿಮ್ಮ ಹೆಂಚಿನ ಮೇಲಿರುವುದು ನಿಮ್ಮ ನೆರಳಿಗೇ ಬೆಚ್ಚುವ ಕಾಡುಪ್ರಾಣಿ.

ಪ್ರಶ್ನೆ: ಸತ್ತ ಮರಿಯನ್ನು ಐದು ದಿನದಿಂದ ಹೊತ್ತು ತಿರುಗುತ್ತಿದೆ. ಕಿತ್ತುಕೊಳ್ಳಬಹುದೇ?

ಬೇಡ. ಗಿನಿ ದೇಶದ ಬೊಸ್ಸೌನಲ್ಲಿ ಚಿಂಪಾಂಜಿ ತಾಯಿಯೊಂದು ಒಣಗಿದ ಮರಿಯನ್ನು 68 ದಿನ ಹೊತ್ತಿತ್ತು. ನಿಮ್ಮದು ಅದಕ್ಕೆ ಸಾಕಾದಾಗ ಬಿಡುತ್ತದೆ. ವಾಸನೆ ಬಂದರೆ ಕಿಟಕಿ ಮುಚ್ಚಿ.

ಪ್ರಶ್ನೆ: ಹಿಂಭಾಗದಲ್ಲಿ ರಕ್ತ. ಗರ್ಭಪಾತವೇ?

ಮಂಗಗಳೂ ಮುಟ್ಟಾಗುತ್ತವೆ.

ಪ್ರಶ್ನೆ: ಹೊಸ ಗಂಡು ಮುಸುವ ಬಂದು ಮರಿಗಳನ್ನು ಕೊಲ್ಲುತ್ತಿದೆ. ಊರಿಗೆ ಕೇಡಿನ ಸೂಚನೆ ಎನ್ನುತ್ತಾರೆ.

1960ರ ದಶಕದಲ್ಲೇ ಜಪಾನಿನ ವಿಜ್ಞಾನಿ ಸುಗಿಯಾಮಾ ನಮ್ಮ ಧಾರವಾಡದ ಕಾಡಿನಲ್ಲಿ ಕೂತು ಇದನ್ನು ನೋಡಿ ಬರೆದಿದ್ದಾರೆ. ಎಳೆಮರಿ ಸತ್ತರೆ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ, ಗಂಡಿನ ಲೆಕ್ಕ ಅಷ್ಟೇ. ಕೇಡು ಹೇಳಿ ದಕ್ಷಿಣೆ ಕೇಳಿದವರ ಲೆಕ್ಕ ನೀವೇ ನೋಡಿಕೊಳ್ಳಿ.

ಪ್ರಶ್ನೆ: ತೋಟದಲ್ಲಿ ಬಸುರಿ ಮಂಗ ಸತ್ತು ಬಿದ್ದಿದೆ. ಹೆರಲಾಗದೆ ಸತ್ತಿರಬೇಕು. ಅರಿಶಿನ ಕುಂಕುಮ ಇಟ್ಟು ಮಣ್ಣು ಮಾಡಬಹುದೇ?

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯವರು ನಿಂತಲ್ಲೇ ನಿಲ್ಲಿ. ಮಂಗ ಹೆರುವ ಕಾಲವೂ, ಉಣುಗು ಕಚ್ಚಿ ಮನುಷ್ಯರಿಗೂ ಹರಡುವ ಮಂಗನ ಕಾಯಿಲೆಯ ಕಾಲವೂ ಒಂದೇ. 1957ರಲ್ಲಿ ಕ್ಯಾಸನೂರಿನಲ್ಲಿ ಈ ರೋಗ ಗೊತ್ತಾದದ್ದೇ ಹೀಗೆ ಸತ್ತು ಬಿದ್ದ ಮಂಗಗಳಿಂದ. ಹೆಣ ತಣ್ಣಗಾದಂತೆ ಅದರ ಮೈಮೇಲಿನ ಉಣುಗು ಇಳಿದು ಹೊಸ ಮೈ ಹುಡುಕುತ್ತದೆ, ಕುಂಕುಮ ಹಿಡಿದ ಕೈ ಅದಕ್ಕೆ ಸಾಕು. ನಮಸ್ಕಾರ ದೂರದಿಂದಲೇ ಮಾಡಿ. ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ಇವತ್ತೇ ತಿಳಿಸಿ. ಅವರು ಬಂದು ಸುಡುವವರೆಗೆ ಆ ಕಡೆ ದನ ಬಿಡಬೇಡಿ, ಒಣಗಿದ ಎಲೆಯ ದರಕು ಗುಡಿಸಿ ತರಲು ಯಾರನ್ನೂ ಕಳಿಸಬೇಡಿ.