ಡಿಂಗೆಲ್ ಬಗ್ಗೆ ಕೇಳಿದ್ದಕ್ಕೆ
ಅಮೆರಿಕದ ಸಂಸತ್ತಿನಲ್ಲಿ ಅತಿ ಹೆಚ್ಚು ಕಾಲ ಇದ್ದವರು ವೆಸ್ಟ್ ವರ್ಜೀನಿಯಾದ ಸೆನೆಟರ್ (ಮೇಲ್ಮನೆ ಸದಸ್ಯ) ರಾಬರ್ಟ್ ಬರ್ಡ್ ಅಲ್ಲವೇ ಎಂದು ಕೇಳಿದ್ದೀರಿ. 2013ರ ಜೂನ್‌ವರೆಗೆ ಹೌದು. ಆಮೇಲೆ ಮಿಶಿಗನ್ ರಾಜ್ಯದ ಜಾನ್ ಡಿಂಗೆಲ್ ಆ ದಾಖಲೆ ಮುರಿದರು. 1955ರ ಡಿಸೆಂಬರ್‌ನಿಂದ 2015ರ ಜನವರಿವರೆಗೆ, 59 ವರ್ಷ, ಕೆಳಮನೆಯಲ್ಲೇ.

"ಅಷ್ಟು ವರ್ಷ ಕೂತು ಮಾಡಿದ್ದೇನು?" ಅಂತಲೂ ಕೇಳಿದ್ದೀರಲ್ಲ, ಅದೇ ಸ್ವಾರಸ್ಯ. ಎಲ್ಲರಿಗೂ ಆರೋಗ್ಯ ವಿಮೆ ಸಿಗಬೇಕೆಂದು ಅವರಪ್ಪ 1943ರಲ್ಲೇ ಮಸೂದೆ ತಂದಿದ್ದರು. ಅಪ್ಪ ತೀರಿಕೊಂಡ ಮೇಲೆ ಅದೇ ಸೀಟಿಗೆ ಬಂದ ಮಗ, ಪ್ರತಿ ಹೊಸ ಕಾಂಗ್ರೆಸ್ (ಎರಡು ವರ್ಷದ ಸಂಸತ್ತಿನ ಅವಧಿ) ಶುರುವಾದಾಗಲೂ ಅಂಥದ್ದೇ ಮಸೂದೆ ಮಂಡಿಸುತ್ತಿದ್ದರು. ಪಾಸಾಗಲ್ಲ ಅಂತ ಗೊತ್ತಿದ್ದೂ! 1965ರಲ್ಲಿ ವೃದ್ಧರ ವಿಮೆ ಮೆಡಿಕೇರ್ ಕೆಳಮನೆಯಲ್ಲಿ ಪಾಸಾದಾಗ ಸಭಾಧ್ಯಕ್ಷ ಪೀಠದಲ್ಲಿದ್ದವರು ಇವರೇ. ಆಗ ಕುಟ್ಟಿದ ಮರದ ಸುತ್ತಿಗೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. 2010ರಲ್ಲಿ ಒಬಾಮಾ ಆರೋಗ್ಯ ಕಾಯ್ದೆಗೆ ಮತ ಹಾಕಿಸುವಾಗ ಸ್ಪೀಕರ್ ನ್ಯಾನ್ಸಿ ಪೆಲೋಸಿ ಕೈಗೆ ಅದನ್ನೇ ಕೊಟ್ಟರು.

ಹಾಗಂತ ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಅಳಿವಿನಂಚಿನ ಜೀವಿಗಳನ್ನು ಕಾಪಾಡುವ 1973ರ ಕಾಯ್ದೆ ಬರೆದ ಇದೇ ಮನುಷ್ಯ, ತಮ್ಮ ರಾಜ್ಯದ ಡೆಟ್ರಾಯಿಟ್ ಕಾರು ಕಂಪನಿಗಳ ವಿಷಯ ಬಂದರೆ ಹೊಗೆ ನಿಯಮಗಳಿಗೆ ಅಡ್ಡಗಾಲು ಹಾಕುತ್ತಿದ್ದರು. 2008ರಲ್ಲಿ ಇಂಧನ ಮತ್ತು ವಾಣಿಜ್ಯ ಸಮಿತಿಯ ಅಧ್ಯಕ್ಷಗಿರಿ ಸ್ವಪಕ್ಷ ಡೆಮಾಕ್ರಟಿಕ್‌ನವರೇ ಆದ ಹೆನ್ರಿ ವ್ಯಾಕ್ಸ್‌ಮನ್ ಪಾಲಾಗಲು ಅದೂ ಒಂದು ಕಾರಣ.

ಕುಟುಂಬ ರಾಜಕಾರಣ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದರೆ ಇನ್ನೊಂದು ಮಾತು: 1933ರಲ್ಲಿ ಅಪ್ಪ, 1955ರಲ್ಲಿ ಮಗ, 2015ರಲ್ಲಿ ಮಗನ ಹೆಂಡತಿ ಡೆಬ್ಬಿ. ಎಲ್ಲರೂ ಗೆದ್ದೇ ಬಂದವರು ಅನ್ನಿ.