ಕೆಂಪು ನೆಲ, ತಾಮ್ರದ ಹಂಡೆ, ಹೊಸ ಗಾಜಿನ ಷವರ್: ಬಚ್ಚಲುಮನೆ ಗೋಡೆಗೆ ಯಾವ ಬಣ್ಣ?

ಹಳೇ ಬಚ್ಚಲುಮನೆ ರಿಪೇರಿ ಮಾಡಿಸಿದ್ದೀರಿ. ರೆಡ್ ಆಕ್ಸೈಡ್ ನೆಲ, ತಾಮ್ರದ ಹಂಡೆ ಉಳಿಸಿಕೊಂಡು ಗಾಜಿನ ಷವರ್, ಸ್ಟೀಲಿನ ನಲ್ಲಿ ಹಾಕಿಸಿದ್ದೀರಿ. ನಾಲ್ಕು ಅಡಿವರೆಗೆ ಟೈಲ್ಸ್ ಇದೆ, ಅದರ ಮೇಲಿನ ಗೋಡೆಗೆ ಬಿಳಿ ಒಳ್ಳೆಯದೋ ಬೂದು ಬಣ್ಣವೋ ಅಂತ ಕೇಳಿದ್ದೀರಿ.

ಎರಡೂ ಬೇಡ ಅಂತೀನಿ. ನಲ್ಲಿ, ಗಾಜು ಮುಂದೆ ಯಾವಾಗ ಬೇಕಾದರೂ ಬದಲಾಯಿಸಬಹುದು. ಆ ನೆಲ ಹಾಗಲ್ಲ. ತಿಕ್ಕಿ ತಿಕ್ಕಿ ಹೊಳಪು ತರಿಸುವ ಮೇಸ್ತ್ರಿಗಳು ಈಗ ಸುಲಭವಾಗಿ ಸಿಗುವುದಿಲ್ಲ. ಅದಕ್ಕೇ ಬಣ್ಣ ನೆಲಕ್ಕೆ ಹೊಂದಬೇಕು, ನಲ್ಲಿಗಲ್ಲ.

ಮೈಸೂರಿನ ನಮ್ಮ ಅಜ್ಜಿ ಮನೆಯಲ್ಲೂ ಇಂಥದ್ದೇ ನೆಲ. ಮೊದಲು ಅಚ್ಚ ಬಿಳಿ ಹೊಡೆಸಿದೆವು. ಹಗಲಲ್ಲಿ ನೆಲದ ಕೆಂಪು ಗೋಡೆ ಮೇಲೆ ಬಿದ್ದು ಕೆಳಗೆಲ್ಲ ಗುಲಾಬಿ ಛಾಯೆ. ರಾತ್ರಿ ಎಲ್‌ಇಡಿ ಬೆಳಕಲ್ಲಿ ಅದೇ ಗೋಡೆ ನೀಲಿ, ಹಂಡೆ ಕಳೆಗುಂದಿದ ಹಾಗೆ. ಆಮೇಲೆ ಸ್ವಲ್ಪ ಹಳದಿ ಬೆರೆತ ಬಿಳಿಗೆ ಬದಲಾಯಿಸಿದೆವು, ಗಟ್ಟಿ ಮಜ್ಜಿಗೆ ಬಣ್ಣ ಅಂದುಕೊಳ್ಳಿ. ಬಲ್ಬನ್ನೂ 6500 ಕೆಲ್ವಿನ್‌ನಿಂದ (ನೀಲಿ ಛಾಯೆಯ ಬಿಳಿ ಬೆಳಕು) 3000ಕ್ಕೆ (ಹಳದಿ ಛಾಯೆಯ ಬೆಳಕು) ಇಳಿಸಿದೆವು. ನೆಲ, ತಾಮ್ರ ಎರಡಕ್ಕೂ ಜೀವ ಬಂತು. ಸ್ಟೀಲಿನ ನಲ್ಲಿ ಸುಮ್ನೆ ತನ್ನ ಪಾಡಿಗೆ ಹೊಳೆಯುತ್ತದೆ. ಇನ್ನೂ ಬಣ್ಣ ಬೇಕು ಅನಿಸಿದರೆ ಮಾಸಲು ಹಸಿರು ನೋಡಿ, ಕೆಂಪಿನ ಎದುರು ಅದು ಚೆನ್ನಾಗಿ ಕೂರುತ್ತದೆ. ಕಿಟಕಿ ಚಿಕ್ಕದಿದ್ದರೆ ಮಾತ್ರ ಬೇಡ.

ಆದರೆ ಬಣ್ಣಕ್ಕಿಂತ ಮುಂಚೆ ಗೋಡೆ ಯಾವುದು ನೋಡಿ. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ಹಳೇ ಸುಣ್ಣದ ಗಾರೆಯಾದರೆ ಒಳಗಿನ ತೇವ ಹೊರಗೆ ಹೋಗಬೇಕು. ಅದರ ಮೇಲೆ ಎನಾಮಲ್ (ಎಣ್ಣೆ ಬಣ್ಣ) ಬಳಿದರೆ ತೇವ ಒಳಗೇ ಉಳಿದು ಬಣ್ಣ ಗುಳ್ಳೆ ಏಳುತ್ತದೆ. ಅಂಥ ಗೋಡೆಗೆ ಸುಣ್ಣವೇ ಸರಿ. ಸುಣ್ಣದಲ್ಲಿ ಕ್ಷಾರ ಇರುವುದರಿಂದ ಬೂಷ್ಟು ಬೇಗ ಹಿಡಿಯುವುದಿಲ್ಲ. ಅದಕ್ಕೆ ಚಿಟಿಕೆ ಯೆಲ್ಲೋ ಆಕ್ಸೈಡ್ ಪುಡಿ ಬೆರೆಸಿದರೆ ನಾನು ಹೇಳಿದ ಮಜ್ಜಿಗೆ ಬಣ್ಣ ಬರುತ್ತದೆ. ನೆಲದ ಕೆಂಪು, ಈ ಹಳದಿ ಎರಡೂ ಕಬ್ಬಿಣದಿಂದಲೇ ಬಂದ ಬಣ್ಣಗಳು. ಅದಕ್ಕೇ ಇರಬೇಕು, ಅಷ್ಟು ಹೊಂದುತ್ತವೆ.

ಸಿಮೆಂಟ್ ಗೋಡೆಯಾದರೆ ಸುಲಭ. ಹೊಸ ಪ್ಲಾಸ್ಟರ್‌ಗೆ ಕನಿಷ್ಠ 28 ದಿನ ಬಿಡಿ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡ, ನೀರಿಗೆ ನಿಲ್ಲುವುದಿಲ್ಲ. ವೈಟ್ ಸಿಮೆಂಟ್ ಪುಟ್ಟಿ ಹಾಕಿಸಿ. ಪ್ರೈಮರ್ ಮೇಲೆ ಬೂಷ್ಟು ತಡೆಯುವ ಅಕ್ರಿಲಿಕ್ ಎಮಲ್ಷನ್, ಸ್ಯಾಟಿನ್ ಫಿನಿಶ್, ಅಂದರೆ ಹದವಾದ ಹೊಳಪಿನದು. ಜಾಸ್ತಿ ಹೊಳಪಿದ್ದರೆ ಹಳೇ ಗೋಡೆಯ ಏರುತಗ್ಗು ಎದ್ದು ಕಾಣುತ್ತದೆ. ಡಿಸ್ಟೆಂಪರ್ (ನೀರಲ್ಲಿ ಕಲಸುವ ಅಗ್ಗದ ಬಣ್ಣ) ಇಲ್ಲಿ ಉಳಿಯುವುದಿಲ್ಲ.

ತೇವ ಇದೆಯಾ ಅನ್ನೋದಕ್ಕೆ, ಒಂದಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಹಿಂದೆ ನೀರಿನ ಹನಿ ಕಂಡರೆ ಪೇಂಟರ್ ಕರೆಯುವ ಮುಂಚೆ ಪ್ಲಂಬರ್‌ನನ್ನು ಕರೆಸಿ.

ಶೇಡ್ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ಎರಡಡಿ ಹಲಗೆಗೆ ಬಣ್ಣ ಬಳಿದು ಹಂಡೆ ಪಕ್ಕ ನಿಲ್ಲಿಸಿ, ಬೆಳಿಗ್ಗೆ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ ನೋಡಿ. ನಿಮ್ಮ ಟೈಲ್ಸ್ ಬಣ್ಣ ಯಾವುದು, ಕಿಟಕಿ ಯಾವ ದಿಕ್ಕಿಗಿದೆ ಅಂತ ಬರೆದರೆ ಇನ್ನೂ ಸರಿಯಾಗಿ ಹೇಳಬಲ್ಲೆ.