2013–14ರ ಐ-ಲೀಗ್ ಫುಟ್ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ ಆಡಿದ ಮೊದಲ ವರ್ಷವೇ ಹೇಗೆ ಗೆದ್ದಿತು?

ಸುಮ್ನೆ ಅದೃಷ್ಟ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 24 ಪಂದ್ಯಗಳ ಲೀಗ್‌ನಲ್ಲಿ ಅದೃಷ್ಟ ಎಷ್ಟು ದಿನ ಕೈ ಹಿಡಿದೀತು?

ಆಗ ಐ-ಲೀಗ್ ದೇಶದ ಮೊದಲ ದರ್ಜೆಯ ಲೀಗ್. ಪ್ರಶಸ್ತಿ ಹೆಚ್ಚಾಗಿ ಗೋವಾದ ತಂಡಗಳ ಪಾಲಾಗುತ್ತಿತ್ತು. ಜೆಎಸ್‌ಡಬ್ಲ್ಯೂ ಕಂಪನಿ 2013ರಲ್ಲಿ ಕಟ್ಟಿದ ಈ ತಂಡಕ್ಕೆ ನೇರ ಪ್ರವೇಶ ಸಿಕ್ಕಿತು.

ನನ್ನ ಪ್ರಕಾರ ದೊಡ್ಡ ಕಾರಣ ಕೋಚ್ ಆಶ್ಲೆ ವೆಸ್ಟ್‌ವುಡ್. ಇಂಗ್ಲೆಂಡಿನವರು, ಶಿಸ್ತಿನ ಮನುಷ್ಯ. ಊಟ, ಫಿಟ್‌ನೆಸ್, ತರಬೇತಿ ಯಾವುದರಲ್ಲೂ ಸಡಿಲ ಬಿಡಲಿಲ್ಲ. ರಕ್ಷಣೆಯಲ್ಲಿ ಜಾನ್ ಜಾನ್ಸನ್, ಕರ್ಟಿಸ್ ಒಸಾನೊ ಗೋಡೆಯ ಹಾಗೆ ನಿಂತರು. ದಾಳಿಯಲ್ಲಿ ನಾಯಕ ಸುನಿಲ್ ಛೇತ್ರಿ 14 ಗೋಲು ಹೊಡೆದರು. ಅವರ ಜೊತೆ ರಾಬಿನ್ ಸಿಂಗ್, ಶಾನ್ ರೂನಿ.

ಇನ್ನು ಪ್ರೇಕ್ಷಕರು. ತವರು ಪಂದ್ಯಗಳು ಅಶೋಕನಗರದ ಫುಟ್ಬಾಲ್ ಸ್ಟೇಡಿಯಂನಲ್ಲಿ ನಡೆದವು. ಚಿಕ್ಕ ಮೈದಾನ, ಗ್ಯಾಲರಿಯ ಕೂಗು ನೇರ ಆಟಗಾರರ ಕಿವಿಗೇ ಬೀಳುತ್ತಿತ್ತು. 'ವೆಸ್ಟ್ ಬ್ಲಾಕ್ ಬ್ಲೂಸ್' ಅಭಿಮಾನಿಗಳ ಬಳಗ ಹುಟ್ಟಿದ್ದು ಅಲ್ಲೇ. ಆಸ್ಟಿನ್‌ಟೌನ್, ಗೌತಮಪುರದಂಥ ಫುಟ್ಬಾಲ್ ಹುಚ್ಚಿನ ಕಡೆಯವರಿಗೆ ತಮ್ಮದೇ ಊರಿನ ದೊಡ್ಡ ತಂಡ ಸಿಕ್ಕಿತ್ತು ಅಲ್ವಾ!

2014ರ ಏಪ್ರಿಲ್ 21ರಂದು ಮಡಗಾಂವ್‌ನಲ್ಲಿ ಗೋವಾದ ಡೆಂಪೊ ತಂಡವನ್ನು 4–2ರಿಂದ ಸೋಲಿಸಿದಾಗ, ಇನ್ನೂ ಒಂದು ಪಂದ್ಯ ಬಾಕಿ ಇರುವಾಗಲೇ ಪ್ರಶಸ್ತಿ ಖಚಿತವಾಯಿತು. ಕೊನೆಗೆ 47 ಅಂಕ, ಎರಡನೇ ಸ್ಥಾನದಲ್ಲಿ ಈಸ್ಟ್ ಬೆಂಗಾಲ್. ಅದೂ ಗೋವಾದ ನೆಲದಲ್ಲೇ ಗೆದ್ದದ್ದು ಇನ್ನೂ ಜಾಸ್ತಿ ಖುಷಿ.